ಅಕ್ಕನ ಓರೆ ಕುರ್ಚಿ

ಇವತ್ತು ಬೆಳಿಗ್ಗೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳ ಬುಟ್ಟಿಯಿಂದ ಮರುಗದ ವಾಸನೆ ಬಂತು. ನನ್ನ ಬಸ್ಸು ಹೊರಡುತ್ತಿತ್ತು, ಕಾಲು ಏಳಲಿಲ್ಲ. ಅಕ್ಕ ದಿನವೂ ಮುಡಿಯುತ್ತಿದ್ದುದು ಅದನ್ನೇ...

ಕೆಲವು ವರ್ಷಗಳ ಹಿಂದೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನಾವಿಬ್ಬರೂ ತರಬೇತಿಗಿದ್ದೆವು. ನನ್ನದು ಕ್ಲಿನಿಕಲ್ ಸೈಕಾಲಜಿ, ಅವರದು ಕೌನ್ಸೆಲಿಂಗ್. ಸ್ಕೂಲಿನ ಕೆಲಸ ಬಿಟ್ಟು, ಐವತ್ತು ದಾಟಿದ ಮೇಲೆ ಮತ್ತೆ ಓದಲು ಬಂದವರು, ಹಾಗಾಗಿ ನಮಗೆಲ್ಲ ಅಕ್ಕ. ನನ್ನ ಕೋಣೆಯಲ್ಲಿ ಮೇಜು, ಟೆಸ್ಟ್ ಪೆಟ್ಟಿಗೆ, ಸ್ಟಾಪ್‌ವಾಚ್. ಅವರ ಕೋಣೆಯಲ್ಲಿ ಎರಡೇ ಕುರ್ಚಿ, ಅದರಲ್ಲೊಂದು ಓರೆ. ಎದುರಾಬದುರು ಕೂತರೆ ಪೊಲೀಸ್ ವಿಚಾರಣೆ ಆಗುತ್ತದಂತೆ.

ಬಂದವರಿಗೆ ಯಾವ ಬಾಗಿಲೆಂದು ತಿಳಿಯುತ್ತಿರಲಿಲ್ಲ. ಅಕ್ಕನೇ ಹೇಳುವರು: "ಏನಾಗೈತೆ ಅಂತ ತಿಳೀಬೇಕಾ, ಆ ಹುಡುಗನ ತಾವ ಹೋಗು. ಆಗಿರೋದ್ನ ಹೆಂಗೆ ತಡ್ಕಳದು ಅನ್ನೋದಾದ್ರೆ ನನ್ ತಾವ ಬಾ." ಪುಸ್ತಕದಲ್ಲಿ ಇದು ಇಷ್ಟು ಸಲೀಸಾಗಿಲ್ಲ, ಎರಡೂ ಕೆಲಸ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಆದರೆ ಅವರಂತೆ ಕೇಳುತ್ತ ಕೂತಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ. "ಯಾಕ್ಲಾ, ಕುಂಡಿ ಕೆಳಗೆ ಇರುವೆ ಐತಾ?" ಎಂದು ರೇಗಿಸುವರು.

ಒಂದು ಮಧ್ಯಾಹ್ನ ಬಂದು ನನ್ನ ಮೇಜಿನ ಆಚೆ, ರೋಗಿಗಳ ಜಾಗದಲ್ಲಿ ಕೂತರು. "ಮನೆ ದಾರೀನೇ ತಪ್ಪೋಯ್ತು ಕಣ್ಲಾ. ನಂಗೂ ನಿನ್ ಟೆಸ್ಟ್ ಮಾಡು." ನಗುತ್ತಲೇ ಅಂದರು, ನನಗೆ ನಗು ಬರಲಿಲ್ಲ. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ನೆನಪಿಸಿ ಹೇಳಲು ಕೇಳಿದೆ. "ಬೆಲ್ಲ" ಎಂದರು. ಆಮೇಲೆ ಏನೂ ಬರಲಿಲ್ಲ...

ದೊಡ್ಡ ಡಾಕ್ಟರು ಸ್ಕ್ಯಾನ್ ಮಾಡಿಸಿ, ಮರೆವಿನ ಕಾಯಿಲೆಯೇ ಎಂದರು. ಅಕ್ಕ ಅದನ್ನು ನನ್ನ ಬಾಯಿಂದಲೇ ಕೇಳಬೇಕೆಂದು ಹೊರಗೆ ಕಾದಿದ್ದರು. ಕಂಡುಹಿಡಿಯುವುದನ್ನು ನಾನು ಕಲಿತಿದ್ದೆ. ಹೇಳುವುದು ಹೇಗೆಂದು ಕೇಳಬೇಕಾದರೆ ಅವರನ್ನೇ ಕೇಳಬೇಕಿತ್ತು. ಕಾರಿಡಾರಿನಲ್ಲಿ ಆಚೆಗೂ ಈಚೆಗೂ ಓಡಾಡಿದೆ. ಅವರೇ ಕೈ ಹಿಡಿದು ತಮ್ಮ ಕೋಣೆಗೆ ಕರೆದೊಯ್ದು, ಓರೆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು.

"ಕಾಲು ಆಡಿಸ್ಬೇಡ. ಈಗ ಹೇಳು."

ಹೇಳಿದೆ. ಅವರು ಮುಡಿಯ ಮರುಗ ಸರಿಮಾಡಿಕೊಂಡು ಅಲ್ಲೇ ಕೂತರು. ನಾನೂ ಏಳಲಿಲ್ಲ.

ಇವತ್ತು ಕೆಲಸಕ್ಕೆ ಹೋಗದೆ, ಮರುಗ ಕೊಂಡು ಗುಮ್ಮಳಾಪುರದ ಬಸ್ಸು ಹತ್ತಿದೆ. ಈಗ ತಾವಿರುವ ತಂಗಿಯ ಮನೆಯ ಮುಂದೆ ಅಕ್ಕ ಬಿಸಿಲಿಗೆ ಕೂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ನನ್ನ ಮುಖವನ್ನೇ ನೋಡಿ, ಪಕ್ಕದ ಕುರ್ಚಿಯನ್ನು ಕೊಂಚ ಓರೆಗೆ ತಿರುಗಿಸಿದರು.

"ಕುಂತ್ಕೊ ಸಾಮಿ. ಏನಾಯ್ತು, ಹೇಳು."

ಅಕ್ಕನನ್ನು ಕಳೆದುಕೊಂಡೆ ಎಂದು ಅವರಿಗೇ ಹೇಗೆ ಹೇಳಲಿ... ಕಾಲು ಆಡಿಸದೆ ಕೂತೆ.