ತನ್ನ ಹೆಸರಿಲ್ಲದ ಹಾಜರಿ ಪುಸ್ತಕ

ಬೆಳಗಿನ ಆರು ಗಂಟೆ. ಮಾಜಿ ಸೈನಿಕರ ಕಚೇರಿಯ ದೊಡ್ಡ ಗೇಟಿಗೆ ಇನ್ನೂ ಬೀಗವಿದೆ. ಕಾವಲುಗಾರ ಪಕ್ಕದ ಚಿಕ್ಕ ಬಾಗಿಲನ್ನು ಒಬ್ಬರಿಗಷ್ಟೇ ತೆರೆಯುತ್ತಾನೆ.

"ಏನ್ ತಾತ, ಸೂರ್ಯನಿಗೂ ಹಾಜರಿ ಹಾಕ್ಬೇಕಾ ಇವತ್ತು?"

"ಹಾಕ್ಬೇಕಪ್ಪ. ತಪ್ಪಿಸ್ಕೊಳ್ದೆ ಬರೋನು ಅವನೊಬ್ಬನೇ."

ಎಪ್ಪತ್ತಾರರ ಈ ಮುದುಕರನ್ನು ಎಲ್ಲರೂ ಕರೆಯುವುದು ಹಾಜರಿ ತಾತ ಎಂದೇ. ಮೆಟ್ಟಿಲ ಕೆಳಗಿನ ಬೆಂಚನ್ನು ಟವೆಲಿನಿಂದ ಒರೆಸಿ, ಭೂತಗನ್ನಡಿಯನ್ನು ಪಂಚೆಯ ಅಂಚಿನಿಂದ ಉಜ್ಜಿ, ಅವರು ಗುಮಾಸ್ತ ತಂದುಕೊಡುವ ಪುಸ್ತಕಕ್ಕಾಗಿ ಕಾಯುತ್ತಾರೆ. ಯುದ್ಧಕಾಲದ ಹಾಜರಿ ಪುಸ್ತಕ ಅದು. ನಾನೂರ ಹನ್ನೆರಡು ಹೆಸರುಗಳು, ಎಲ್ಲವೂ ಸೀಸದ ಕಡ್ಡಿಯಲ್ಲಿ. ನೀರು ಬಿದ್ದು ಅರ್ಧಕ್ಕರ್ಧ ಮಾಸಿಹೋಗಿದೆ. ಗೀಟು ಎಂದರೆ ಹಾಜರ್, ಚುಕ್ಕೆ ಎಂದರೆ ಆಸ್ಪತ್ರೆ, ಅಡ್ಡಗೆರೆ ಎಂದರೆ ಸಾವು. ಅದನ್ನು ಓದಬಲ್ಲವರು ಈಗ ಇವರೊಬ್ಬರೇ. ಬರೆದ ಕೈಯೂ ಇವರದೇ.

ಯುದ್ಧ ಮುಗಿದು ಐವತ್ತು ವರ್ಷ ದಾಟಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಗಡಿಯಲ್ಲಿ ತೊಂಬತ್ತು ದಿನ ಇದ್ದವರಿಗೆ ಬೋನಸ್ ಎಂದು ಎರಡು ವರ್ಷದ ಹಿಂದೆ ಆಜ್ಞೆ ಹೊರಟಿತು. ಬದುಕಿದವನಾಗಲಿ, ಸತ್ತವನಾಗಲಿ, ತೊಂಬತ್ತು ದಿನ ತುಂಬಿರಬೇಕು. ಎಂಬತ್ತೊಂಬತ್ತನೆಯ ದಿನ ಗುಂಡು ತಿಂದವನ ಹೆಂಡತಿಗೆ ಏನೂ ಇಲ್ಲ. ಅಂದಿನಿಂದ ತಾತ ದಿನಕ್ಕೆ ಒಬ್ಬಿಬ್ಬರ ಗೀಟುಗಳನ್ನು ಎಣಿಸಿಕೊಡುತ್ತಾರೆ. ಗಡುವಿನೊಳಗೆ ಬಂದ ಅರ್ಜಿಗಳಲ್ಲಿ ಈಗ ಮೊಮ್ಮಕ್ಕಳು ಹಾಕಿದವುಗಳ ಸರದಿ. ಇದಕ್ಕೆ ಕಚೇರಿ ಕೊಡುವುದು ಬಸ್ಸಿನ ಚಾರ್ಜು ಮತ್ತು ಎರಡು ಲೋಟ ಟೀ.

ಆ ಬೋನಸ್ ತಾತನಿಗೆ ಬಂದಿಲ್ಲ. ಅವರು ಗಡಿಯಿಂದ ಬಹಳ ಹಿಂದೆ, ಉಗ್ರಾಣದ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮುಂಚೂಣಿಯ ಗುಮಾಸ್ತನಿಗೆ ಜ್ವರ ಬಂದಾಗ ಹದಿನೈದು ದಿನದ ಮಟ್ಟಿಗೆ ಇವರನ್ನು ಎರವಲು ಕಳಿಸಿದರು. ಆ ಹದಿನೈದು ದಿನ ಹನ್ನೊಂದು ತಿಂಗಳಾಯಿತು. ಹೆಸರು ಮಾತ್ರ ಉಗ್ರಾಣದ ಪುಸ್ತಕದಲ್ಲೇ ಉಳಿಯಿತು. "ದಿನಾ ಬೆಳಿಗ್ಗೆ ಎಲ್ಲರ ಹೆಸರೂ ಕೂಗ್ತಿದ್ದೆ. ಕೂಗೋನ ಹೆಸರನ್ನ ಕೂಗೋರು ಯಾರು?" ಎಂದು ನಗುತ್ತಾರೆ.

ನಗುವ ಸಂಗತಿಯೇನಲ್ಲ. ಬೋನಸ್ಸಿನ ಆಜ್ಞೆ ಹೊರಟ ವರ್ಷವೇ ಅವರ ಹೆಂಡತಿಯ ಕಣ್ಣಿನ ನರ ಒಣಗುತ್ತಿದೆ, ತಡಮಾಡದೆ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಬೋನಸ್ ಬಂದಿದ್ದರೆ ಆಗುತ್ತಿತ್ತು. ಕಚೇರಿಯ ಅಧಿಕಾರಿ ಒಳ್ಳೆಯವನು, ದಾರಿಯನ್ನೂ ತೋರಿಸಿದ.

"ತಾತ, ಒಂದು ಅರ್ಜಿ ಕೊಡಿ. ಪುಸ್ತಕ ಮೇಲಿನ ಕಚೇರಿಗೆ ಹೋಗುತ್ತೆ. ಅಕ್ಷರ ನಿಮ್ಮದೇ ಅಂತ ನೋಡ್ತಾರೆ, ಸತ್ತೋರನ್ನ ಹೂಳಿದ ದಾಖಲೆ ಜೊತೆ ತಾಳೆ ಹಾಕ್ತಾರೆ. ನೀವು ಅಲ್ಲಿದ್ರಿ ಅನ್ನೋದು ಸಾಬೀತಾಗುತ್ತೆ."

ತಾತ ಅರ್ಜಿಯ ಹಾಳೆಯನ್ನು ಕೈಗೆ ತೆಗೆದುಕೊಂಡವರು ಅಲ್ಲಿಯೇ ನಿಂತುಬಿಟ್ಟರು. ಹೂಳಿದ ದಾಖಲೆಯಲ್ಲಿ ಯಾರು ಯಾವ ದಿನ ಮಣ್ಣಿಗೆ ಹೋದರೆಂಬುದು ಸರಿಯಾಗಿ ಇದೆ. ಇವರ ಪುಸ್ತಕದಲ್ಲಿ ಇಲ್ಲ.

ಸೈನಿಕ ಸತ್ತ ದಿನದಿಂದಲೇ ಸಂಬಳ ನಿಲ್ಲುತ್ತಿದ್ದ ಕಾಲ ಅದು. ಹಾಗಾಗಿ ಇಪ್ಪತ್ತೆರಡರ ಆ ಗುಮಾಸ್ತ, ಸತ್ತ ಹದಿನೇಳು ಜನರಿಗೆ ತಿಂಗಳ ಕೊನೆಯವರೆಗೂ ಗೀಟು ಎಳೆದಿದ್ದ. ಮನೆಗೆ ತಿಂಗಳ ಸಂಬಳವಾದರೂ ಪೂರ್ತಿ ಹೋಗಲಿ ಎಂದು. ಐವತ್ತು ವರ್ಷದ ಮೇಲೆ ಆ ಸುಳ್ಳು ಗೀಟುಗಳೇ ಆ ಹದಿನೇಳು ಹೆಸರುಗಳನ್ನು ತೊಂಬತ್ತು ದಾಟಿಸಿದ್ದವು. ತಾಳೆ ಹಾಕಿದರೆ ತಾತನಿಗೆ ಹಣ ಬರುತ್ತದೆ, ಹದಿನೇಳು ಮನೆಗಳಿಗೆ ತಪ್ಪುತ್ತದೆ.

ಹಾಳೆಯನ್ನು ಅವರು ಖಾಲಿಯಾಗಿಯೇ ಹಿಂದಿರುಗಿಸಿದರು. "ಬೇಡ ಸಾರ್. ಕಾಗದದಲ್ಲಿ ಉಗ್ರಾಣ ಅಂತಿದ್ರೆ ಉಗ್ರಾಣನೇ."

ಹಣ ಹಂಚಿದ ದಿನ ಸಾಲಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಗಂಡ ಸತ್ತದ್ದು ಎಂಬತ್ತೊಂದನೆಯ ದಿನ. ಪುಸ್ತಕದ ಪ್ರಕಾರ ತೊಂಬತ್ತೈದನೆಯ ದಿನ. ಚೆಕ್ಕನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತ ಅವಳು ಬೆಂಚಿನ ಬಳಿ ನಿಂತಳು.

"ಏನಣ್ಣ, ನಿನಗೆ ಬರ್ಲಿಲ್ವಂತೆ? ಉಗ್ರಾಣದಲ್ಲಿ ಮೂಟೆ ಹಿಂದೆ ಕೂತಿದ್ಯಂತೆ ಯುದ್ಧ ಮುಗಿಯೋವರೆಗೂ?"

ಸಾಲಿನಲ್ಲಿದ್ದ ಹೆಂಗಸರು, ಹುಡುಗರು ಗೊಳ್ಳೆಂದು ನಕ್ಕರು.

"ಹೌದಮ್ಮ, ಜೀವದಾಸೆ," ಎಂದರು ತಾತ.

"ನನ್ನ ಗಂಡನಿಗೂ ಇತ್ತು ಕಣಣ್ಣ ಜೀವದಾಸೆ!" ಎಂದು ಅವಳು ಮುಖ ತಿರುಗಿಸಿ ಹೋದಳು. ಇಂದಿಗೂ ಎದುರಿಗೆ ಸಿಕ್ಕರೆ ಮಾತನಾಡಿಸುವುದಿಲ್ಲ.

ಕೊಟ್ಟ ಹಣವನ್ನು ಸರ್ಕಾರ ಹಿಂದಕ್ಕೆ ಕೇಳುವ ಅವಧಿ ಹೋದ ತಿಂಗಳು ಮುಗಿಯಿತು. ಬಿಟ್ಟುಹೋದವರು ಅರ್ಜಿ ಹಾಕುವ ಗಡುವು ಅದಕ್ಕೂ ಮೊದಲೇ ಮುಗಿದಿತ್ತು. ಅದಾದ ಮೇಲೆಯೇ ತಾತ ಬಾಯಿ ಬಿಟ್ಟದ್ದು. ಮೊದಲು ಹೇಳಿದ್ದು ಹೆಂಡತಿಗೆ. ಅಷ್ಟರಲ್ಲಿ ಆಕೆಯ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿಗೆ ಕಿಟಕಿಯ ಬೆಳಕಷ್ಟೇ ತಿಳಿಯುತ್ತಿತ್ತು. ಆಕೆ ಕೂಗಾಡಲಿಲ್ಲ, ಅಳಲೂ ಇಲ್ಲ. ಅಕ್ಕಿಯನ್ನು ಕೈಯಿಂದಲೇ ತಡವಿ ಕಲ್ಲು ಆರಿಸುತ್ತ ಹೇಳಿದರು:

"ನನ್ನನ್ನ ಒಂದ್ಮಾತು ಕೇಳ್ಬೇಕಿತ್ತು ರೀ. ಬೇಡ ಬಿಡಿ ಅಂತ ನಾನೇ ಅಂತಿದ್ದೆ. ಕೇಳ್ಲೇ ಇಲ್ವಲ್ಲ, ಅದೇ ನನಗೆ ಉರಿ."

ಈಗ ತಾತ ದಿನಾ ಬೆಳಿಗ್ಗೆ ಆಕೆಯ ಮುಖ ತೊಳೆಸಿ, ಸ್ಟವ್ ಆರಿದೆಯೇ ಎಂದು ಎರಡು ಸಲ ನೋಡಿ ಮನೆ ಬಿಡುತ್ತಾರೆ. ಸರ್ಕಾರದ ಮೇಲೆ ಸಿಟ್ಟಿಲ್ಲವೇ ಎಂದರೆ, "ಸಿಟ್ಟು ಮಾಡ್ಕೊಳ್ಳೋಕೆ ಅಲ್ಲಿ ಯಾರಿದ್ದಾರೆ? ಬರೀ ಕುರ್ಚಿ," ಎನ್ನುತ್ತಾರೆ.

ಆ ಗೀಟುಗಳ ಬಗ್ಗೆ ಕೇಳಿದರೆ ಮಾತ್ರ ಭೂತಗನ್ನಡಿಯನ್ನು ಪಕ್ಕಕ್ಕಿಡುತ್ತಾರೆ.

"ಸುಳ್ಳೇ, ಇಲ್ಲ ಅನ್ನಲ್ಲ. ಮೇಲಿರೋನು ಕೇಳಿದ್ರೆ ಕೈಮುಗಿದು ಒಪ್ಕೋತೀನಿ. ಸತ್ತ ಹುಡುಗರ ಹೆಸರನ್ನೂ ದಿನಾ ಕೂಗಿದ್ದೀನಿ, ಅವರ ಬದಲು ನಾನೇ 'ಹಾಜರ್' ಅಂದಿದ್ದೀನಿ. ಸಾವಿನ ಸುದ್ದಿ ಹೋಗ್ತಿದ್ದದ್ದು ಅಡ್ಡಗೆರೆ ಎಳೆದ ಮೇಲೆ. ಒಬ್ಬನಿಗೆ ಹತ್ತು ದಿನ, ಇನ್ನೊಬ್ಬನಿಗೆ ಹದಿನಾಲ್ಕು. ಅಷ್ಟು ದಿನ ಅವರ ಮನೇಲಿ ಯಾರೂ ಅಳ್ಲಿಲ್ಲ."