ಪಕ್ಕದ ಕುರ್ಚಿಯ ಮೇಲಿನ ಕರವಸ್ತ್ರ

ಚಾಮರಾಜಪೇಟೆಯಲ್ಲಿ ನಮ್ಮ ತಂದೆಯವರ ವೈಕುಂಠ ಸಮಾರಾಧನೆಯ ದಿನ, ನನಗೆ ಪರಿಚಯವಿಲ್ಲದ ವೃದ್ಧರೊಬ್ಬರು ಊಟದ ಪಂಕ್ತಿಯಲ್ಲಿ ಪಕ್ಕದ ಖಾಲಿ ಕುರ್ಚಿಯ ಮೇಲೆ ತಮ್ಮ ಕರವಸ್ತ್ರ ಹಾಸಿ ಕುಳಿತಿದ್ದರು. ಬಂಧುಗಳು ಜಾಗವಿಲ್ಲದೆ ನಿಂತಿದ್ದ ಕಾರಣ, ನಾನು ಅವರನ್ನು ತುಸು ಗಡುಸಾಗಿಯೇ ವಿಚಾರಿಸಿದೆನೆಂದು ಒಪ್ಪಿಕೊಳ್ಳುತ್ತೇನೆ.

"ಇಲ್ಲಿ ಯಾರಾದ್ರೂ ಬರೋರಿದಾರಾ ಸರ್?"

ಅವರು ಕರವಸ್ತ್ರವನ್ನು ಆಗಷ್ಟೇ ಕಂಡವರಂತೆ ಬೆಚ್ಚಿದರು. "ಅಯ್ಯೋ, ಕೈ ತಾನಾಗೇ ಹಾಕ್ಬಿಟ್ಟಿದೆ ಕಣಪ್ಪಾ. ಫುಟ್‌ಬಾಲ್ ಮ್ಯಾಚ್ ಇದ್ದಾಗ ನಿಮ್ಮಪ್ಪ ಫ್ಯಾಕ್ಟರಿ ಶಿಫ್ಟ್ ಮುಗಿಸ್ಕೊಂಡು ಹಾಫ್ ಟೈಮಿಗೆ ಓಡಿ ಬರೋನು. ಗ್ಯಾಲರೀಲಿ ಅವನಿಗೆ ಜಾಗ ಹಿಡಿಯೋದು ನನ್ ಕೆಲ್ಸ. ಬಂದು ಕೂತ ಅಂದ್ರೆ ಮುಗೀತು, ಗೋಲ್ ಬಿದ್ರೆ ಅವನ ಕೂಗು ಆಚೆ ರಸ್ತೆಗೆ ಕೇಳ್ಸೋದು!"

ಹೀಗೆಂದು ಅವರು ಕರವಸ್ತ್ರವನ್ನು ಎತ್ತಿಕೊಳ್ಳಲು ಹೋದರು. ಬೇಡವೆಂದು ನಾನು ಅವರ ಕೈ ಹಿಡಿದುಕೊಂಡೆ.

ತಂದೆಯವರು ಮನೆಯಲ್ಲಿ ಎಂದೂ ದನಿ ಎತ್ತಿದವರಲ್ಲ. ಫುಟ್‌ಬಾಲಿನ ವಿಷಯ ಅವರು ಹೇಳಲಿಲ್ಲ. ಅವರ ಯೌವನದ ಬಗ್ಗೆ ನಾನೂ ಒಮ್ಮೆಯೂ ವಿಚಾರಿಸಲಿಲ್ಲ. ಆಚೆ ರಸ್ತೆಯವರಿಗೆಲ್ಲ ಕೇಳಿಸುತ್ತಿದ್ದ ಆ ಕೂಗನ್ನು ಕೇಳುವ ಅವಕಾಶ ಅವರ ಮಗನಾದ ನನಗೆ ದೊರೆಯಲಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ.