ಕಲ್ಲಿಗಾಗಿ ಹೇಳಿದ ಒಡಪು

ಇವತ್ತು ನಮ್ಮ ಗೇಟಿಗೆ ಬಣ್ಣ ಹಚ್ಚುತ್ತಿದ್ದಾರೆ. ಆ ವಾಸನೆಗೆ ಕೆಲವರಿಗೆ ತಲೆ ನೋಯುತ್ತದಂತೆ. ನನಗೆ ಮೋಟೆಬೆನ್ನೂರಿನ ನಮ್ಮ ಹೊಲದ ವೀರಗಲ್ಲು ನೆನಪಾಗುತ್ತದೆ.

ಕೆಳಗೆ ದನಗಳು, ನಡುವೆ ಕತ್ತಿ ಹಿಡಿದ ವೀರ, ಮೇಲೆ ಸ್ವರ್ಗ. ಅಕ್ಷರಗಳು ಸವೆದುಹೋಗಿದ್ದವು. ಇತಿಹಾಸದ ಎಂ.ಎ. ಮುಗಿಸಿದ ಹುರುಪಿನಲ್ಲಿ ಸುಣ್ಣ ತಿಕ್ಕಿ ಓದಲು ಹೋಗಿದ್ದೆ. ಅಂಗಿ ಬೆಳ್ಳಗಾದದ್ದಷ್ಟೇ ಲಾಭ. ಮನೆಯವರ ಬಾಯಲ್ಲಿ ಆ ವೀರ ಮಲ್ಲಪ್ಪ. ಪ್ರತಿ ತಲೆಮಾರಿನ ಹಿರಿಮಗನಿಗೂ ಅದೇ ಹೆಸರು, ನಮ್ಮ ದೊಡ್ಡಪ್ಪನಿಗೂ. ಹೀಗಾಗಿ ಅಮಾವಾಸ್ಯೆಗೊಮ್ಮೆ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದ ದೊಡ್ಡವ್ವ ಅದರ ಹೆಸರು ಹೇಳುವಂತಿರಲಿಲ್ಲ. ಗಂಡ 'ಮನಿಯವರು', ಕಲ್ಲು 'ಹೊಲದವರು'.

ಎರಡು ಸಾವಿರದ ಇಸವಿಯ ಆಚೀಚೆ ಹೊಲದ ಪಕ್ಕದ ಹೆದ್ದಾರಿ ಅಗಲವಾಗತೊಡಗಿತು. ರಾಣೇಬೆನ್ನೂರಿನ ಮೇಸ್ತ್ರಿಯೊಬ್ಬ ಕೆಂಪು ಬಣ್ಣದ ಡಬ್ಬಿ ಹಿಡಿದು ಹೊಲಕ್ಕೆ ಬಂದು ದೊಡ್ಡವ್ವನನ್ನು ಕೇಳಿದ.

"ಇದ್ಯಾವ ದೇವ್ರಬೇ ಯವ್ವಾ? ಹೆಸರಿದ್ರ ಬರದು ಬಾಜೂಕ ಇಡಸ್ತೇವಿ. ಇಲ್ಲಾಂದ್ರ ಬುನಾದಿಗೆ ಹೊಕ್ಕೈತಿ."

ನಾನು ಬಾಯಿ ತೆರೆದೆ. ದೊಡ್ಡವ್ವ ನನ್ನ ರಟ್ಟೆ ಒತ್ತಿದಳು. "ನೀ ಸುಮ್ಕಿರಪಾ. ಎಣ್ಣಿ ಹಚ್ಚಿದಾಕಿ ನಾನು, ಹೆಸರೂ ನಾನ ಹೇಳತೇನಿ."

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲು ಇರುವುದೊಂದೇ ದಾರಿ, ಮದುವೆಮನೆಯ ಒಡಪು. ಪ್ರಾಸದ ನಡುವೆ ಹೆಸರನ್ನು ನುಸುಳಿಸಿಬಿಡುತ್ತಾರೆ. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಶುರುಮಾಡಿದಳು:

"ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೆಂಪ,
ನಮ್ಮ ಹೊಲದಾಗ ಬೇವಿನ ನೆರಳ ತಂಪ,
ಮಲ್ಲಪ್ಪನ ಹೆಸರ ಬರಕೊಳ್ಳೋ ಯಪ್ಪ."

ಮೇಸ್ತ್ರಿ ನಗುತ್ತಾ ಬರೆದುಕೊಂಡ. ಕಲ್ಲು ಉಳಿಯಿತು. ಬೇವಿನ ಕೆಳಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಪ್ಪ ಹತ್ತಿರ ಬಂದ.

"ಇನ್ನೊಮ್ಮೆ ಹೇಳ."

"ಮತ್ತ ರಸ್ತೆ ಅಗಲ ಮಾಡಾಕ ಬಂದಾಗ ಹೇಳತೇನಿ."

ರಸ್ತೆ ಅಗಲ ಮಾಡಲು ಮತ್ತೆ ಬಂದಿದ್ದಾರೆ. ದೊಡ್ಡಪ್ಪ ಇಲ್ಲ. ಹೋದ ತಿಂಗಳು ದೊಡ್ಡವ್ವನನ್ನು ಹೊಲಕ್ಕೆ ಕರೆದೊಯ್ದೆ. ಹಳೆಯ ಬರಹ ಮಾಸಿತ್ತು; ಬಣ್ಣದ ಡಬ್ಬಿ ಹಿಡಿದ ಹೊಸಬನೊಬ್ಬ ಕಲ್ಲಿನ ಹೆಸರು ಕೇಳಿದ. ನಾನು ಒಡಪಿಗೆ ಕಾದೆ. ಅವಳು ಬೇವಿನ ಕಡೆ ಒಮ್ಮೆ ನೋಡಿದಳು.

"ಮಲ್ಲಪ್ಪ."

ಅಷ್ಟೇ. ಹಿಂದೆ ಮುಂದೆ ಏನೂ ಇರಲಿಲ್ಲ.

ಗೇಟಿನ ಮೇಲೆ ಏನು ಬರೆಯಬೇಕೆಂದು ಬಣ್ಣದವನು ಈಗ ಕೇಳುತ್ತಿದ್ದಾನೆ. ನನ್ನ ಹೆಸರು, ಮುಂದೆ ಎಂ.ಎ. ಎಂದು ಬೆಳಿಗ್ಗೆಯೇ ಚೀಟಿಯಲ್ಲಿ ಬರೆದಿಟ್ಟಿದ್ದೆ. ಅದನ್ನು ಜೇಬಿನಲ್ಲೇ ಬಿಟ್ಟು ಒಳಗಿದ್ದ ಹೆಂಡತಿಯನ್ನು ಕೂಗಿದೆ. ದಿನಾ ಈ ಬಾಗಿಲಿಗೆ ನೀರು ಹಾಕುವವಳು ಅವಳು. ಹೆಸರೂ ಅವಳೇ ಹೇಳಲಿ.